ಕೆಳಗಿನ ತಟ್ಟೆಯ ಮೇಣ

ಗೋರ್ನೊ ಬುಕೋವೊ
೨೨ ನವೆಂಬರ್ ೧೯೯೫

ಕೂಡಿರುವ ಮಹಾಜನಗಳೇ! ಅಕ್ಕಂದಿರೇ, ಅಣ್ಣಂದಿರೇ, ಹಿಂದಿನ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿರುವ ಪುಂಡರೇ! ಸದ್ದು ಮಾಡಬೇಡಿ! ಪರದೆ ಏಳುತ್ತಿದೆ!

ರಾಯ್ನಾ ಅತ್ತಿಗೆ, ಗಾಬರಿಯಾಗಬೇಡಿ, ಪತ್ರ ನಿಮಗೇ. ಆದರೆ ತರುವವಳು ನಮ್ಮ ಅಂಚೆಯ ಮಿಂಕಾ. ಚಹಾದ ಹಬೆಗೆ ಲಕೋಟೆ ಹಿಡಿದು ಬಿಡಿಸುವ ಅವಳ ವಿದ್ಯೆ ಊರಿಗೇ ಗೊತ್ತು. ನಿಮ್ಮ ಕೈ ಸೇರುವ ಮೊದಲು ಅಂಗಡಿಯಲ್ಲಿ ಇದರ ವಾಚನ ಮುಗಿದಿರುತ್ತದೆ. ಹಾಗಾಗಿ ಇಡೀ ಸಭೆಗೆ ಕೈಮುಗಿದೇ ಶುರುಮಾಡುವುದು ಮರ್ಯಾದೆ. (ಮಿಂಕಾ, ಈ ಸಲ ಗೋಂದು ಸರಿಯಾಗಿ ಹಚ್ಚು. ಹೋದ ಸಲ ಲಕೋಟೆ ತುಂಬ ಪ್ಲಮ್ ಜಾಮ್ ಮೆತ್ತಿತ್ತು.)

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ರಸ್ತೆಯ ಅಗಲ. ಆ ರಸ್ತೆಯ ಹಿಮ ಸರಿಸುವವನು ನಾನು. ಅದೇ ರಸ್ತೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ ನಮ್ಮೂರ ಚಾಲಕ ಕಿರೋನ ಜೀಪಿನಲ್ಲಿ ಕೂತು, ಕೆಳಗಿನ ಪಟ್ಟಣದ ಆಸ್ಪತ್ರೆಗೆ, ರಕ್ತ ತೊಳೆಯುವ ಯಂತ್ರದ ಹತ್ತಿರ ಹೋಗಬೇಕಾದವರು ನೀವು. ನನ್ನ ಟ್ರ್ಯಾಕ್ಟರ್ ನಿಂತರೆ ಜೀಪು ನಿಲ್ಲುತ್ತದೆ. ಜೀಪು ನಿಂತರೆ ಏನು ನಿಲ್ಲುತ್ತದೆ ಎಂದು ಬರೆಯಲು ನನ್ನ ಕೈ ಏಳದು. ಇಷ್ಟಿದ್ದೂ ಈಸ್ಟರ್‌ನಿಂದ ಈಚೆಗೆ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಬಾಗಿಲಲ್ಲಿ ನನ್ನನ್ನು ಕಂಡರೆ ಪರದೆ ಎಳೆಯುತ್ತೀರಿ. ನಾನು ಊರಿನ ವಾಚನಾಲಯದ ನಾಟಕ ರಂಗದ ಮೇಲೆ ಮೂರು ರಾಜರ ಪಾರ್ಟು ಮಾಡಿದವನು. ನನ್ನ ಮುಖಕ್ಕೆ ಹಾಗೆ ಪರದೆ ಎಳೆದವರು ಯಾರೂ ಇಲ್ಲ!

ಕಾರಣ ಗೊತ್ತಿದೆ. ಹೋದ ಚಳಿಗಾಲದ ಕೊನೆಯ ಹಿಮಕ್ಕೆ, ಚರ್ಚಿನಲ್ಲಿ ಉರಿದುಳಿದ ಮೇಣದ ಬತ್ತಿಯ ತುಂಡುಗಳನ್ನು ಪಾದ್ರಿ ನಿಕಾನೋರ್ ನನಗೆ ಚೀಲದಲ್ಲಿ ತುಂಬಿ ಕೊಟ್ಟರು. ನಾನು ಅದನ್ನು ಟ್ರ್ಯಾಕ್ಟರಿನ ಮುಂದಿನ ಕಬ್ಬಿಣದ ಹಲಗೆಗೆ ಉಜ್ಜಿದೆ. ನೀವು ನೋಡಿದಿರಿ. ಚರ್ಚನ್ನು ನೋಡಿಕೊಳ್ಳುವವರು ನೀವು, ತುಂಡುಗಳ ಪೆಟ್ಟಿಗೆಗೆ ಬೀಗ ಬಿತ್ತು.

ಆದರೆ ಕೇಳಿ. ಹಿಮ ಸರಿಸುವುದೆಂದರೆ ದೂಡುವುದಲ್ಲ, ಉರುಳಿಸುವುದು. ಹಲಗೆ ನುಣುಪಾಗಿದ್ದರೆ ಹಿಮ ಅದರ ಮೈಮೇಲೆ ಸುರುಳಿಯಾಗಿ ಎದ್ದು ಪಕ್ಕದ ಕಂದಕಕ್ಕೆ ಬೀಳುತ್ತದೆ. ಒದ್ದೆ ಹಿಮ ಹಾಗಲ್ಲ, ಅಂಟುತ್ತದೆ. ಅಂಟಿದ್ದಕ್ಕೆ ಮತ್ತಷ್ಟು ಅಂಟುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ರಸ್ತೆ ಬಿಡಿಸುತ್ತಿಲ್ಲ, ಒಂದು ಗುಡ್ಡವನ್ನು ಮುಂದಿಟ್ಟುಕೊಂಡು ತಳ್ಳುತ್ತಿದ್ದೇನೆ. ಆಮೇಲೆ ಇಳಿ, ಸಲಿಕೆಯಿಂದ ಕೆರೆ, ಹತ್ತು. ಮತ್ತೆ ಇಳಿ.

ಈ ತಿಂಗಳು ಏನೇನು ಮಾಡಲಿಲ್ಲ! ಅಡುಗೆ ಎಣ್ಣೆ ಬಳಿದೆ, ಎರಡು ತಿರುವಿಗೆ ಅಳಿಸಿ ಹೋಯಿತು. ಡೀಸೆಲ್ ಬಳಿಯಲು ಹೋದರೆ ಮೇಯರು, "ಲೋ ಸ್ತಾಮೆನ್, ಕರಗಿದ ನೀರು ಹೋಗೋದು ನಮ್ಮ ಚಿಲುಮೆಗೇ ಕಣಯ್ಯಾ, ಬೇಸಿಗೇಲಿ ನಿನ್ನ ಡೀಸೆಲ್ ಕುಡಿಯೋಣ್ವಾ?" ಎಂದರು. ಹಂದಿ ಕೊಬ್ಬು ಬಳಿದೆ. ಅದು ಚೆನ್ನಾಗಿಯೇ ನಡೆಯಿತು. ಆದರೆ ಊರಿನ ನಾಯಿಗಳೆಲ್ಲ ಮೆರವಣಿಗೆ ಹೊರಟು ಹಲಗೆಯ ಮುಂದೆ ಓಡುತ್ತಾ ನೆಕ್ಕತೊಡಗಿದವು. ಯಾವುದರ ಬಾಲ ಎಲ್ಲಿ ಸಿಕ್ಕೀತೋ ಎಂದು ನನ್ನ ಜೀವ ಬಾಯಿಗೆ ಬಂತು.

ಮೇಣವೇ ಗತಿ. ಪೆಟ್ಟಿಗೆ ತೆಗೆಯಿರಿ, ಅತ್ತಿಗೆ. ಕೇಳುತ್ತಿರುವುದು ನಿಮ್ಮ ದಾರಿಗಾಗಿ.

ಎದುರು ಮನೆಯ
ಸ್ತಾಮೆನ್


ಗೋರ್ನೊ ಬುಕೋವೊ
೨೭ ನವೆಂಬರ್

ಸ್ತಾಮೆನ್,

ಆಗುವುದಿಲ್ಲ.

ನೀನು ಇಷ್ಟುದ್ದ ಬರೆದದ್ದಕ್ಕೆ ನಾನೂ ಎರಡು ಮಾತು ಬರೆಯುತ್ತೇನೆ. ಚರ್ಚಿನಲ್ಲಿ ಬತ್ತಿ ನೆಡುವ ಎರಡು ಮರಳಿನ ತಟ್ಟೆಗಳಿವೆ. ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ಇದು ನಿನಗೂ ಗೊತ್ತು. ಪ್ರತಿ ಭಾನುವಾರ ಕೆಳಗಿನ ತಟ್ಟೆಯಲ್ಲಿ ನಿನ್ನ ಗೆಳೆಯ ಗಾನ್ಚೊನ ಹೆಸರಲ್ಲಿ ನಾನು ಹಚ್ಚುತ್ತೇನೆ. ನನ್ನ ಗಂಡನಿಗೆ ಈಗ ನಾನು ಕೊಡಬಹುದಾದದ್ದು ಅದೊಂದೇ. ಅದನ್ನು ನೀನು ಕಬ್ಬಿಣಕ್ಕೆ ಉಜ್ಜಿ, ದನದ ಸಗಣಿ ಬಿದ್ದ ರಸ್ತೆಯ ಮೇಲೆ ಎಳೆದುಕೊಂಡು ಹೋದೆ. ಪಾದ್ರಿ ಕೊಟ್ಟರು ಎನ್ನುತ್ತೀಯ. ಪಾದ್ರಿಗೆ ಹೆಂಡತಿ ಬದುಕಿದ್ದಾಳೆ.

ನನ್ನ ದಾರಿಯ ಚಿಂತೆ ನನಗಿರಲಿ.

ರಾಯ್ನಾ

ಮಿಂಕಾಗೆ: ಜಾಮ್‌ಗೆ ಸಕ್ಕರೆ ಕಡಿಮೆ ಹಾಕಿದ್ದೀಯ. ಹುಳಿ ಬರುತ್ತದೆ.


ಗೋರ್ನೊ ಬುಕೋವೊ
೧೩ ಡಿಸೆಂಬರ್

ಅತ್ತಿಗೆ,

ಇಂದು ಸಭೆಗೆ ವಂದನೆಯಿಲ್ಲ. ನಿನ್ನೆ ಮಂಗಳವಾರ ನಡೆದದ್ದನ್ನು ನೀವು ಜೀಪಿನ ಗಾಜಿನ ಒಳಗಿಂದ ನೋಡಿದಿರಿ. ಹೊರಗಿಂದ ಹೇಗಿತ್ತು ಎಂದು ಕೇಳಿ.

ಬೆಚ್ಚಗಿನ ತೆಂಕಣ ಗಾಳಿ ಬೀಸಿತ್ತು. ಹಿಮ ಹಿಟ್ಟಿನ ಹಾಗೆ ನಾದಿಕೊಂಡಿತ್ತು. ಚಿಲುಮೆಯ ತಿರುವಿಗೆ ಬರುವಷ್ಟರಲ್ಲಿ ಎಷ್ಟು ಸಲ ಇಳಿದೆನೋ! ಹಲಗೆ ಕೆರೆದು ಕೆರೆದು ಅಂಗೈ ಸುಲಿಯಿತು. ಹಿಂದಿನಿಂದ ಕಿರೋ ಹಾರನ್ ಹೊಡೆದ.

"ಏನಯ್ಯಾ ಮಹಾರಾಜ, ಪಲ್ಲಕ್ಕಿ ಮುಂದಕ್ಕೆ ಹೋಗುತ್ತೋ ಇಲ್ವೋ?"

"ಬಂದು ನೀನೂ ಹೆಗಲು ಕೊಡೋ, ಕತ್ತೆ!"

"ನಾನು ಇಳಿದ್ರೆ ಜೀಪು ಕೆಳಕ್ಕೆ ಜಾರುತ್ತೆ. ಒಳಗೆ ರಾಯ್ನಮ್ಮ ಇದ್ದಾರೆ ಕಣೋ!"

ಆಗ ನಾನು ತಿರುಗಿ ನೋಡಿದೆ. ನೀವು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕೂತಿದ್ದಿರಿ. ಮುಖ ಊದಿತ್ತು. ನೀರನ್ನೂ ಅಳತೆ ಮಾಡಿ ಕುಡಿಯುವವರ ಮುಖ ಹಾಗೆ ಊದುವುದನ್ನು ನೋಡುವುದು ಬಹಳ ಕಷ್ಟ. ಗಾಜು ಇಳಿಸಿ ಎರಡು ಬೈಗುಳ ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ತಡವಾಯಿತೆಂದು ಯಂತ್ರದ ಮೇಲೆ ನಿಮ್ಮನ್ನು ಅರ್ಧ ಹೊತ್ತೇ ಇಟ್ಟರಂತೆ. ಕಿರೋ ಹೇಳಿದ. ಇನ್ನೊಂದು ಸಲ ಹೀಗಾದರೆ ಡಾಕ್ಟರು ನಿಮ್ಮನ್ನು ಊರಿಗೆ ಬಿಡುವುದಿಲ್ಲವಂತೆ, ಹಿಮ ಕರಗುವ ತನಕ ಕೆಳಗೇ ಇರಬೇಕಂತೆ. ಅದನ್ನೂ ಅವನೇ ಹೇಳಿದ.

ಒಂದು ದಾರಿ ಕಾಣುತ್ತದೆ. ಕೆಳಗಿನ ತಟ್ಟೆಯದು ಬೇಡ. ಮೇಲಿನ ತಟ್ಟೆಯ ತುಂಡು ಮಾತ್ರ ಕೊಡಿ. ಬದುಕಿರುವವರ ಆರೋಗ್ಯಕ್ಕೆ ಹಚ್ಚಿದ್ದು ತಾನೇ? ಬದುಕಿರುವವರ ಕೆಲಸಕ್ಕೇ ಬರಲಿ.

ಸ್ತಾಮೆನ್


ಗೋರ್ನೊ ಬುಕೋವೊ
೧೮ ಡಿಸೆಂಬರ್

ಸ್ತಾಮೆನ್,

ಮೇಲಿನ ತಟ್ಟೆಯದೂ ಆಗದು. ಹೆತ್ತವಳು ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಹಚ್ಚಿ ಹೋಗಿರುತ್ತಾಳೆ. ಆ ಮೇಣವನ್ನು ತಂದು ನಾನು ನಿನ್ನ ಹಲಗೆಗೆ ಕೊಡಲೇ?

ಕೈಗೆ ಎಣ್ಣೆ ಹಚ್ಚಿಕೋ. ಸುಲಿದ ಕಡೆ ಹಿಮ ತಾಗಿದರೆ ಸೀಳುತ್ತದೆ.

ಕೆಳಗೆ ನಾನು ಹೋಗುವುದಿಲ್ಲ. ಚರ್ಚಿನ ಬೀಗದ ಕೈ ಇರುವುದು ನನ್ನ ಹತ್ತಿರ. ಗಾನ್ಚೊ ಇರುವುದು ಇಲ್ಲಿ. ಯಂತ್ರ ನನ್ನನ್ನು ಬದುಕಿಸುತ್ತದೆ, ಒಪ್ಪಿದೆ. ಯಾಕೆ ಬದುಕಬೇಕು ಅನ್ನುವುದು ಈ ಊರಲ್ಲಿದೆ, ಅಲ್ಲಿಲ್ಲ.

ರಾಯ್ನಾ


ಗೋರ್ನೊ ಬುಕೋವೊ
೮ ಜನವರಿ ೧೯೯೬

ಅತ್ತಿಗೆ,

ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮಿಂಕಾ ಈ ಪತ್ರವನ್ನು ಬಿಡಿಸುವುದಿಲ್ಲ. ನನ್ನ ಎದುರೇ ಅಂಟಿಸುತ್ತೇನೆ ಎಂದು ತಾನಾಗಿಯೇ ಮಾತು ಕೊಟ್ಟು, "ಇದು ಅಂಗಡೀಲಿ ಓದೋ ಅಂಥದ್ದಲ್ಲ" ಅಂದಳು.

ಶನಿವಾರ ನಿಮಗೆ ತಡವಾಗಿ, ಡಾಕ್ಟರು ನಿಮ್ಮನ್ನು ಅಲ್ಲೇ ಉಳಿಸಿಕೊಂಡದ್ದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆದರೆ ನಡೆದದ್ದು ಇದು. ಅಂದು ನೀರಿನ ಹಬ್ಬ. ಬೆಳಗಾಗುತ್ತಲೇ ಪಾದ್ರಿ ನಿಕಾನೋರ್ ತಾಮ್ರದ ಬಕೆಟ್ಟು, ತುಳಸಿಯ ಕಟ್ಟು ಹಿಡಿದು ಮನೆಮನೆಗೆ ಪವಿತ್ರ ಜಲ ಚಿಮುಕಿಸುತ್ತಾ ಬಂದರು. ನಾನು ಟ್ರ್ಯಾಕ್ಟರನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ, ಒಲೆ ಹಚ್ಚಿ ಬೆಚ್ಚಗೆ ಮಾಡುತ್ತಿದ್ದೆ. ಹಲಗೆ ಬೆಚ್ಚಗಿದ್ದರೆ ಹಿಮ ಜಾರೀತು ಎಂಬ ನನ್ನ ಹೊಸ ಬುದ್ಧಿ.

ಪಾದ್ರಿ ಬಾಗಿಲಲ್ಲೇ ನಿಂತರು. "ಸ್ತಾಮೆನ್, ರಾಯ್ನಾಳಿಗೆ ದಾರಿ ಬಿಡಿಸೋ ಗಾಡಿ ಇದು. ಎರಡು ಹನಿ ಸಾಲದು ಕಣೋ," ಎಂದವರೇ ಅರ್ಧ ಬಕೆಟ್ಟನ್ನು ಹಲಗೆಯ ಮೇಲೆ ಸುರಿದರು! ನೆರೆದವರೆಲ್ಲ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕಣ್ಣೂ ತುಂಬಿತು. ನಗಬೇಡಿ.

ಹೊರಗೆ ಹೆಪ್ಪುಗಟ್ಟುವ ಚಳಿ. ಚೌಕ ದಾಟುವಷ್ಟರಲ್ಲಿ ಪವಿತ್ರ ಜಲ ಹಲಗೆಯ ತುಂಬ ಮಣಿಮಣಿಯಾಗಿ ಗಟ್ಟಿಯಾಯಿತು. ಬೆಚ್ಚಗಿದ್ದ ಕಬ್ಬಿಣಕ್ಕೆ ತಾಗಿದ ಹಿಮವೂ ಕರಗಿ ಅದರ ಮೇಲೇ ಹೆಪ್ಪಾಯಿತು. ಕುರಿಯ ಉಣ್ಣೆಗೆ ಮುಳ್ಳುಕಾಯಿ ಕಚ್ಚಿಕೊಳ್ಳುವ ಹಾಗೆ ಒಂದೊಂದು ಮಣಿಗೂ ಹಿಮ ಕಚ್ಚಿಕೊಂಡಿತು. ನಾನು ಸಲಿಕೆ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಪವಿತ್ರ ಜಲವನ್ನು ಕೆರೆದು ರಸ್ತೆಗೆ ಎಸೆಯುವುದು ಹೇಗೆ? ಕಾಲಲ್ಲಿ ತುಳಿಯುವುದು ಹೇಗೆ? ಕಿರೋ ಜೀಪಿನಿಂದ ಕೂಗಿದ, "ಕೆರಿಯೋ!" ನಾನು, "ನೀನೇ ಬಂದು ಕೆರಿ!" ಎಂದೆ. ಅವನು ಇಳಿದು ಬಂದ, ಟೋಪಿ ತೆಗೆದ, ನೋಡಿದ. "ನನ್ನ ಕೈಲೂ ಆಗಲ್ಲ ಕಣೋ," ಎಂದು ಟೋಪಿ ಹಾಕಿಕೊಂಡು ಹೋಗಿ ಕೂತ.

ಹಾಗೇ ಹೋದೆವು. ಆಮೆಯ ಹಾಗೆ. ಒಬ್ಬ ಹೆಂಗಸಿನ ಜೀವ ಹಿಂದೆ ಕೂತಿದ್ದರೂ ಇಬ್ಬರು ಗಂಡಸರಿಗೆ ಸಲಿಕೆ ಎತ್ತಲಾಗಲಿಲ್ಲ.

ಅವತ್ತಿನಿಂದ ಒಂದು ವಿಷಯ ಯೋಚಿಸುತ್ತಿದ್ದೇನೆ. ನೀವು ಬೀಗ ಹಾಕಿದಾಗ ನನಗೆ ಸಿಟ್ಟು ಬಂದಿತ್ತು, ಮೇಣ ಮೇಣವೇ ತಾನೇ ಎಂದು. ಆ ನೀರಿನ ಮುಂದೆ ನಿಂತಾಗ, ನೀರು ನೀರೇ ತಾನೇ ಎಂದು ನನಗೆ ಅನ್ನಿಸಲಿಲ್ಲ. ಇನ್ನು ನಾನು ಮೇಣ ಕೇಳುವುದಿಲ್ಲ.

ಟ್ರ್ಯಾಕ್ಟರನ್ನು ಈಗ ಬಯಲಲ್ಲೇ ನಿಲ್ಲಿಸುತ್ತೇನೆ. ಹಲಗೆ ಹಿಮದಷ್ಟೇ ತಣ್ಣಗಿದ್ದರೆ ಅಂಟು ಕಡಿಮೆ. ಒಣ ಹಿಮಕ್ಕೆ ಅಷ್ಟು ಸಾಕು. ಒದ್ದೆ ಹಿಮಕ್ಕೆ ಸಾಲದು.

ಸ್ತಾಮೆನ್


ಜಿಲ್ಲಾ ಆಸ್ಪತ್ರೆ, ಮೂರನೆಯ ಮಹಡಿ
೧ ಫೆಬ್ರವರಿ

ಸ್ತಾಮೆನ್,

ನಿನ್ನ ಪತ್ರ ಓದಿ ನಕ್ಕೆ. ಸೂಜಿ ಚುಚ್ಚಿದ ಕೈ ಅಲುಗಿತೆಂದು ನರ್ಸು ಗದರಿದಳು.

ಇಲ್ಲಿ ಎಲ್ಲವೂ ಬೆಚ್ಚಗಿದೆ. ಊಟ ಸಪ್ಪೆ. ಕಿಟಕಿಯಾಚೆ ಇನ್ನೊಂದು ಕಟ್ಟಡ. ಅದರಾಚೆ ಏನಿದೆಯೋ ಗೊತ್ತಿಲ್ಲ.

ನನ್ನ ಪಕ್ಕದ ಯಂತ್ರದಲ್ಲಿ ಫಾತ್ಮೆ ಎಂಬವಳು ಮಲಗುತ್ತಾಳೆ, ಆಚೆ ಕಣಿವೆಯವಳು. ಅವರ ಮಸೀದಿಯಲ್ಲಿ ಬತ್ತಿ ಹಚ್ಚುವ ಪದ್ಧತಿಯಿಲ್ಲ. ನಮ್ಮ ಜಗಳವನ್ನೆಲ್ಲ ಅವಳಿಗೆ ಹೇಳಿದೆ. ನಾಲ್ಕು ಗಂಟೆ ಮಲಗಿರುವವರು ಇನ್ನೇನು ಮಾಡುವುದು? ಅವಳು ಕೇಳಿದಳು, "ಹಂಗಾದ್ರೆ ಉಳಿದ ತುಂಡನ್ನ ನೀವು ಏನು ಮಾಡ್ತೀರಕ್ಕ?"

"ವರ್ಷಕ್ಕೊಂದು ಸಲ ಗಾಡಿ ಬರುತ್ತೆ. ಒಯ್ದು ಕರಗಿಸಿ ಹೊಸ ಬತ್ತಿ ಮಾಡ್ತಾರೆ."

"ಯಾರಿಗೆ?"

"ಯಾರಿಗೋ."

ಇಷ್ಟು ವರ್ಷ ಆ ಗಾಡಿಗೆ ಮೂಟೆ ಎತ್ತಿಕೊಟ್ಟವಳು ನಾನೇ. ಗಾನ್ಚೊನ ಹೆಸರಿನ ಮೇಣ ಎಲ್ಲೋ ಗೊತ್ತಿಲ್ಲದವರ ಮದುವೆಯಲ್ಲಿ ಉರಿದಿರಬಹುದು. ಅದಕ್ಕೆ ನನಗೆ ಎಂದೂ ನೋವಾಗಲಿಲ್ಲ. ನೋವಾದದ್ದು ಕೇಳದೆ ತೆಗೆದುಕೊಂಡದ್ದಕ್ಕೆ ಎಂದು ಈಗ ಅನ್ನಿಸುತ್ತದೆ. ಅವನು ಸತ್ತಾಗಲೂ ಯಾರೂ ನನ್ನನ್ನು ಕೇಳಿರಲಿಲ್ಲ.

ಕಿರೋನ ಕೈಯಲ್ಲಿ ಪೆಟ್ಟಿಗೆಯ ಬೀಗದ ಕೈ ಕಳಿಸುತ್ತಿದ್ದೇನೆ. ಮೇಲಿನ ತಟ್ಟೆಯನ್ನು ಮುಟ್ಟಬೇಡ. ಬದುಕಿರುವವರ ಮೇಲೆ ಆಗಲೇ ಬೇಕಾದಷ್ಟು ಭಾರವಿದೆ. ಕೆಳಗಿನದನ್ನು ತೆಗೆದುಕೋ. ಸತ್ತವರಿಗೆ ಆ ರಸ್ತೆ ಗೊತ್ತು, ಅದನ್ನು ಕಡಿದವರೇ ಅವರು.

ಆದರೆ ನನ್ನ ಒಪ್ಪಿಗೆ ಮಾತ್ರ ಸಾಲದು. ಮನೆಮನೆಗೆ ಹೋಗಿ ಕೇಳು. ಕೊಟ್ಟವರ ಮನೆಯ ಸತ್ತವರ ಹೆಸರು ಹೇಳುತ್ತಾ ಉಜ್ಜು. ಹೇಳು ಅಂದೆ, ಕೂಗು ಅನ್ನಲಿಲ್ಲ.

ಹದಿನೇಳನೆಯ ತಾರೀಖು ಸತ್ತವರ ಶನಿವಾರ. ಅಂದು ನಾನು ಗಾನ್ಚೊನ ಸಮಾಧಿಯ ಹತ್ತಿರ ಇಲ್ಲದಿದ್ದರೆ ಇದು ಮೊದಲ ಸಲ. ಡಾಕ್ಟರನ್ನು ಕೇಳಿದ್ದೇನೆ. ಅವರು ಕಿಟಕಿಯಾಚೆ ಬೀಳುತ್ತಿದ್ದ ಹಿಮ ತೋರಿಸಿದರು.

ರಾಯ್ನಾ


ಗೋರ್ನೊ ಬುಕೋವೊ
೯ ಫೆಬ್ರವರಿ

ಅತ್ತಿಗೆ,

ನನ್ನ ಜನ್ಮದಲ್ಲಿ ಇಷ್ಟು ಬಾಗಿಲು ತಟ್ಟಿದವನಲ್ಲ ನಾನು. ಜನರೇ ನನ್ನನ್ನು ನೋಡಲು ಬರುತ್ತಿದ್ದರು!

ಮೇಲಿನ ಕೇರಿಯ ವೆಲಿಕಾ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನಮ್ಮ ಯಜಮಾನ್ರು ಬದುಕಿದ್ದಾಗ ಹಿಮದ ಸಲಿಕೆ ಕೈಲಿ ಹಿಡಿದವರಲ್ಲ. ಈಗಲಾದ್ರೂ ಒಂಚೂರು ಕೆಲಸ ಮಾಡ್ಲಿ, ತಗೊಂಡ್ಹೋಗಪ್ಪ!" ಎಂದರು. ಮೇಯರು ತಮ್ಮ ಅಪ್ಪನ ಹೆಸರು ಹೇಳಿ ಮುಖ ತಿರುಗಿಸಿಕೊಂಡರು. ಮಿಂಕಾ ತನ್ನ ಅಮ್ಮನ ಹೆಸರಿನ ಜೊತೆ ಸತ್ತ ಬೆಕ್ಕಿನ ಹೆಸರನ್ನೂ ಸೇರಿಸಬೇಕೆಂದು ಹಟ ಹಿಡಿದಳು. ಸೇರಿಸಿದ್ದೇನೆ. ಪಾದ್ರಿಗೆ ಹೇಳಬೇಡಿ.

ಕಮ್ಮಾರ ಒಗ್ನ್ಯಾನ್ ಒಪ್ಪಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಾಗಿತ್ತು. "ನನ್ನ ಹುಡುಗನಿಗೆ ಚಳಿ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಸ್ತಾಮೆನ್. ಅವನನ್ನ ಹಿಮಕ್ಕೆ ಕಳಿಸಬೇಡ," ಎಂದ. ಅವನ ತೋಳು ಮುಟ್ಟಿ ಬಂದೆ. ಸತ್ತ ಮಗನ ಹೆಸರಲ್ಲಿ ಅವನು ಹಚ್ಚುವುದು ಯಾವಾಗಲೂ ದಪ್ಪನೆಯ ಹಳದಿ ಬತ್ತಿ, ಅಪ್ಪಟ ಜೇನುಮೇಣ. ಅಂಥ ತುಂಡುಗಳನ್ನೆಲ್ಲ ಆರಿಸಿ ಚರ್ಚಿನ ಕಿಟಕಿಯಲ್ಲಿಟ್ಟೆ. ಹಲಗೆಗೆ ಅದಕ್ಕಿಂತ ಒಳ್ಳೆಯ ಮೇಣ ಇಲ್ಲ. ಇರಲಿ.

ನಿನ್ನೆ ಪರೀಕ್ಷೆ. ಹಲಗೆಯನ್ನು ಬೆಂಕಿಯಿಂದ ಚೂರು ಬೆಚ್ಚಗೆ ಮಾಡಿ, ಮೇಣ ಉಜ್ಜಿ, ಉಣ್ಣೆಯ ಬಟ್ಟೆಯಲ್ಲಿ ತಿಕ್ಕಿ, ರಾತ್ರಿಯಿಡೀ ಬಯಲಲ್ಲಿ ತಣಿಯಲು ಬಿಟ್ಟಿದ್ದೆ. ಬೆಳಗ್ಗೆ ಒದ್ದೆ ಹಿಮ. ಇಳಿದೆ. ಅತ್ತಿಗೆ, ನೀವಿರಬೇಕಿತ್ತು! ಹಿಮ ಹಲಗೆಯ ಮೇಲೆ ಎದ್ದು, ಮಗ್ಗುಲು ಬದಲಿಸಿ, ಕಂದಕಕ್ಕೆ ಬಿತ್ತು. ಸದ್ದೇ ಇಲ್ಲ. ಕಿರೋ ಹಾರನ್ ಹೊಡೆಯುವುದನ್ನೂ ಮರೆತ.

ಒಂದೇ ಕೊರತೆ. ಮೇಣ ಪೂರ್ತಿ ದಾರಿಗೆ ಬಾಳುವುದಿಲ್ಲ. ಚಿಲುಮೆಯ ತಿರುವಿನಲ್ಲಿ ಸವೆದು ಹೋಗುತ್ತದೆ. ಅಲ್ಲಿ ನಿಲ್ಲಿಸಿ ಇನ್ನೊಮ್ಮೆ ಉಜ್ಜಿದರೆ ಪಟ್ಟಣದ ತನಕ ಹೆದರಿಕೆಯಿಲ್ಲ. ಇಷ್ಟನ್ನು ಡಾಕ್ಟರಿಗೆ ಓದಿ ಹೇಳಿ. ಕಿರೋ ಸಾಕ್ಷಿ.

ಹೆಸರುಗಳನ್ನು ಕೂಗಲಿಲ್ಲ. ನನ್ನ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೇ ಗೊತ್ತಿರಲಿಲ್ಲ.

ಸ್ತಾಮೆನ್


ಜಿಲ್ಲಾ ಆಸ್ಪತ್ರೆ
೧೪ ಫೆಬ್ರವರಿ

ಸ್ತಾಮೆನ್,

ಡಾಕ್ಟರು ಕಿರೋನನ್ನು ಕರೆಸಿ ವಿಚಾರಿಸಿದರು. ಅವನು ನಿನಗಿಂತ ದೊಡ್ಡ ನಾಟಕ ಮಾಡಿದ. ಶನಿವಾರದ ಸರದಿಯನ್ನು ಶುಕ್ರವಾರಕ್ಕೆ ತಂದಿದ್ದಾರೆ. ಶನಿವಾರ ಬೆಳಗ್ಗೆ ಹೊರಡಬಹುದು. ಮಂಗಳವಾರ ಹೊತ್ತಿಗೆ ಸರಿಯಾಗಿ ಯಂತ್ರದ ಮುಂದೆ ಇರಬೇಕು. ಇದ್ದರೆ ಊರಲ್ಲೇ ಇರಬಹುದು. ತಪ್ಪಿದರೆ ಏಪ್ರಿಲ್ ತನಕ ಇಲ್ಲಿ.

ಫಾತ್ಮೆ ಗೋಧಿ ಆರಿಸಿ ಕೊಟ್ಟಳು, ಬೇಯಿಸಿ ಸಮಾಧಿಯ ಹತ್ತಿರ ಹಂಚಲು. ನೀನು ಒಂದು ವಿಷಯ ಬರೆಯಲಿಲ್ಲ. ಗಾನ್ಚೊನ ಹೆಸರು ಹೇಳಿದೆಯಾ?

ರಾಯ್ನಾ


ಗೋರ್ನೊ ಬುಕೋವೊ
೧೬ ಫೆಬ್ರವರಿ, ಶುಕ್ರವಾರ

ಅತ್ತಿಗೆ,

ಕಿರೋ ಈಗಲೇ ಇಳಿಯುತ್ತಿದ್ದಾನೆ, ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ನಿಮ್ಮನ್ನು ಹತ್ತಿಸಿಕೊಳ್ಳುತ್ತಾನೆ. ಜೀಪಿನ ಇಂಜಿನ್ ಓಡುತ್ತಿದೆ, "ಏ ಕವಿ, ಮುಗಿಸೋ!" ಎಂದು ಕೂಗುತ್ತಿದ್ದಾನೆ. ಬೇಗ ಬರೆಯುತ್ತೇನೆ.

ಮತ್ತೆ ತೆಂಕಣ ಗಾಳಿ. ಬೀಳುತ್ತಿರುವುದು ಒದ್ದೆ ಹಿಮ, ಡಿಸೆಂಬರಿನಲ್ಲಿ ಬಿದ್ದದ್ದಕ್ಕಿಂತ ದಪ್ಪ. ಮಂಗಳವಾರದ ತನಕ ನಿಲ್ಲುವ ಲಕ್ಷಣವಿಲ್ಲ. ದಾರಿ ಖಂಡಿತ ತೆರೆದಿರುತ್ತದೆ ಎಂದು ನಿಮಗೆ ಮಾತು ಕೊಡಲಾರೆ. ರಂಗದ ಮೇಲೆ ಎಷ್ಟೋ ಮಾತು ಕೊಟ್ಟಿದ್ದೇನೆ, ಅವೆಲ್ಲ ಬರೆದುಕೊಟ್ಟ ಮಾತು. ಹಲಗೆಗೆ ಮೇಣ ಉಜ್ಜಿ ಬಯಲಲ್ಲಿ ನಿಲ್ಲಿಸಿದ್ದೇನೆ, ಅಷ್ಟು ಹೇಳಬಲ್ಲೆ.

ಗಾನ್ಚೊನ ಹೆಸರು ಹೇಳಿಲ್ಲ. ಪ್ರತಿ ಸಲವೂ ಬಾಯಿಗೆ ಬರುತ್ತದೆ, ನುಂಗುತ್ತೇನೆ. ಮೇಲಿನ ಕೇರಿಯಿಂದ ಶುರುಮಾಡಿ ಎಲ್ಲರನ್ನೂ ಕರೆಯುತ್ತೇನೆ, ನಿಮ್ಮ ಮನೆ ಬಂದಾಗ ದಾಟಿ ಮುಂದಿನ ಮನೆಗೆ ಹೋಗುತ್ತೇನೆ. ಬೇರೆಯವರೆಲ್ಲ ತಮ್ಮವರ ಹೆಸರನ್ನು ಬಾಗಿಲಲ್ಲಿ ನಿಂತು ನನ್ನ ಕೈಗೆ ಕೊಟ್ಟರು. ನೀವು ಬೀಗದ ಕೈ ಕೊಟ್ಟಿರಿ, ಹೆಸರು ಕೊಡಲಿಲ್ಲ. ಕೇಳದೆ ಇನ್ನೊಂದು ಸಲ ತೆಗೆದುಕೊಳ್ಳುವವನಲ್ಲ ನಾನು.

ಪಾದ್ರಿ ನಿಮಗಾಗಿ ಪೂಜೆ ತಡಮಾಡುತ್ತಾರೆ. ವೆಲಿಕಾ ಅಜ್ಜಿ ನಿಮ್ಮ ಮನೆಯ ಒಲೆ ಹೊತ್ತಿಸಿರುತ್ತಾರೆ.

ನಾಳೆ ಬೆಳಗ್ಗೆ, ಇನ್ನೂ ಬೆಳಕು ಹರಿಯುವ ಮುಂಚೆ, ಟ್ರ್ಯಾಕ್ಟರ್ ಹತ್ತುತ್ತೇನೆ. ಬಾಯಿಗೆ ಬೀಗ ಹಾಕಿಕೊಂಡು ಚಿಲುಮೆಯ ತಿರುವಿನ ತನಕ ಬಿಡಿಸುತ್ತೇನೆ. ಅಲ್ಲಿ ಹಲಗೆ ಎತ್ತಿ, ಬೆಂಕಿ ತೋರಿಸಿ, ಎಡಗಡೆಯ ಅರ್ಧಕ್ಕೆ ಉಜ್ಜುತ್ತೇನೆ. ಪಟ್ಟಣದ ತನಕ ಇಳಿದು ನಿಮ್ಮ ಜೀಪಿನ ಮುಂದೆ ತಿರುಗಿಸಿ, ಮತ್ತೆ ಅದೇ ತಿರುವಿಗೆ ಹತ್ತಿ ಬಂದು ನಿಲ್ಲುತ್ತೇನೆ. ಇಂಜಿನ್ ಆರಿಸುತ್ತೇನೆ. ಬಲಗಡೆಯ ಅರ್ಧ ಹಾಗೇ ಬರಿದಾಗಿರುತ್ತದೆ, ಗಾನ್ಚೊನ ಹೆಸರು ಹೇಳಿ ಉಜ್ಜುವುದು ನಿಮ್ಮ ಪಾಲು. ಮೇಣದ ತುಂಡು ಮೆತ್ತಗಿರಲಿ ಎಂದು ನನ್ನ ಅಂಗಿಯೊಳಗೆ ಇಟ್ಟುಕೊಂಡಿರುತ್ತೇನೆ. ನೀವು ಜೀಪಿನಿಂದ ಇಳಿದು ಬಂದರೆ ಅದನ್ನು ನಿಮ್ಮ ಕೈಗಿಟ್ಟು, ನೀವು ಉಜ್ಜಿ ಮುಗಿಸುವ ತನಕ ನಾನು ಬೆನ್ನು ತಿರುಗಿಸಿಕೊಂಡು, ಕಿವಿಗೆ ಟೋಪಿ ಎಳೆದುಕೊಂಡು, ಕಣಿವೆ ನೋಡುತ್ತಾ ನಿಂತಿರುತ್ತೇನೆ.

ಸ್ತಾಮೆನ್